ಬೀರವ್ವ ಹಾಕಿದ ಒಲೆಗಳು

ಹುಬ್ಬಳ್ಳಿ ಪಕ್ಕದ ಗಬ್ಬೂರಿನ ಬೀರವ್ವ ಒಲೆ ಹಾಕುವುದರಲ್ಲಿ ಹೆಸರಾದವಳು. ಹುಬ್ಬಳ್ಳಿಯಲ್ಲಿ ಯಾರಾದರೂ ಹೊಸ ಮನೆ ಕಟ್ಟಿಸಲಿ, ಹಳೆಯ ಅಡಿಗೆಮನೆ ಕೆಡವಿ ಬೇರೆ ರೀತಿ ಮಾಡಿಸಲಿ, ಗೋಡೆಗೆ ಗಿಲಾವು ಮುಗಿದ ಕೂಡಲೇ ಬೀರವ್ವನಿಗೆ ಕರೆ ಹೋಗುತ್ತಿತ್ತು. ಹುತ್ತದ ಮಣ್ಣಿನ ಬುಟ್ಟಿ ಹೊತ್ತು, ಬಿಸಿಲು ಏರುವ ಮೊದಲೇ ಅವಳು ಊರು ಬಿಡುತ್ತಿದ್ದಳು. ಟಾಂಗಾಗಳು ನಿಲ್ಲುವ ಕಡೆ ಕುದುರೆಯ ಲದ್ದಿ ಆರಿಸಿಕೊಂಡು, ಭತ್ತದ ಹೊಟ್ಟು ಕೂಡಿಸಿ, ಮಣ್ಣನ್ನು ಕಾಲಿನಿಂದ ತುಳಿದು ತುಳಿದು ಬೆಣ್ಣೆಯ ಹದಕ್ಕೆ ತರುತ್ತಿದ್ದಳು. ಆ ಹದ ಬರುವತನಕ ಯಾರು ಮಾತಾಡಿಸಿದರೂ ಅವಳಿಂದ ಉತ್ತರ ಬರುತ್ತಿರಲಿಲ್ಲ.

ಈ ಕೈಗುಣ ತಾಯಿಯಿಂದ ಬಂದದ್ದು. ಗಂಡನ ಮನೆಯಲ್ಲಿ ಅದನ್ನು ತೋರಿಸುವ ಭಾಗ್ಯ ಅವಳಿಗೆ ಬಹಳ ದಿನ ಇರಲಿಲ್ಲ. ಮದುವೆಯಾಗಿ ವರ್ಷ ತುಂಬುವುದರೊಳಗೆ, ಮೊದಲನೆಯ ದೊಡ್ಡ ಯುದ್ಧ ಮುಗಿದ ಕಾಲಕ್ಕೆ ಊರೂರನ್ನೇ ಹಾಸಿಗೆ ಹಿಡಿಸಿದ ಜ್ವರದಲ್ಲಿ ಗಂಡ ತೀರಿಕೊಂಡ. ಅಂದಿನಿಂದ ಅಣ್ಣ ಶಿದ್ದಪ್ಪನ ಮನೆಯೇ ಅವಳ ಮನೆ. ಅತ್ತಿಗೆ ದೇವಕ್ಕನ ಬಾಯಿ ಜೋರು, ಕರುಳು ಮೆತ್ತಗೆ. ನಾದಿನಿಯನ್ನು ಬಿಟ್ಟು ಒಂದು ರೊಟ್ಟಿ ಮುರಿದವಳಲ್ಲ.

ಆ ವರ್ಷಗಳಲ್ಲಿ ಹುಬ್ಬಳ್ಳಿಯಲ್ಲಿ ಒಂದೊಂದು ಮನೆಗೆ ಒಂದೊಂದು ತೆರನ ಅಡಿಗೆಮನೆ ಏಳುತ್ತಿತ್ತು. ಹತ್ತಿ ವ್ಯಾಪಾರದವರಿಗೆ ಹಬ್ಬದಲ್ಲಿ ದೊಡ್ಡ ದೊಡ್ಡ ಹಂಡೆಗಳನ್ನು ಏರಿಸುವಂಥ ಒಲೆಗಳ ಸಾಲು ಬೇಕು. ಹಳೆಯ ವಾಡೆಗಳ ಹಿರಿಯ ಹೆಂಗಸರಿಗೆ ನೆಲಕ್ಕೆ ಅಂಟಿದಂಥ ತಗ್ಗು ಒಲೆ, ಪಕ್ಕದಲ್ಲಿ ಸಾರು ಬಿಸಿಯಿಡಲು ಒಂದು ಕೋಡೊಲೆ. ರೈಲ್ವೆಯವರ ಕ್ವಾರ್ಟರ್ಸುಗಳಲ್ಲಿ ಮಾತ್ರ ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಇದ್ದಲಿಯ ಶೆಗಡಿ, ನಿಂತೇ ಅಡಿಗೆ. ಬೀರವ್ವ ಎಲ್ಲವನ್ನೂ ನೋಡಿದ್ದಳು, ಯಾವುದನ್ನೂ ಹೀನವೆನ್ನುತ್ತಿರಲಿಲ್ಲ. ಮನೆಯಾಕೆಯನ್ನು ಕೂಡಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ, ಆಮೇಲೆ ಮಣ್ಣಿಗೆ ಕೈ ಹಾಕುತ್ತಿದ್ದಳು.

ಗಬ್ಬೂರಿನಲ್ಲಿ ಯಾರ ಮನೆಯಲ್ಲಿ ಒಲೆ ಹಾಕಿದರೂ ಮೊದಲ ಉರಿ ಅವಳೇ ಹೊತ್ತಿಸಿ, ಮೊದಲ ರೊಟ್ಟಿ ತಿಂದು ಬರುತ್ತಿದ್ದಳು. ಪೇಟೆಯ ದೊಡ್ಡ ಮನೆಗಳ ಸಂಗತಿ ಬೇರೆ. ಅಲ್ಲಿ ಒಲೆ ಹಸಿಯಿರುವತನಕ ಅಡಿಗೆಮನೆ ಅವಳದು. ಒಣಗಿದ ಮೇಲೆ ಮನೆಯವರು ಸಾರಿಸಿ, ರಂಗೋಲಿ ಬಿಟ್ಟು, ಪೂಜೆ ಮಾಡಿ ಹಾಲು ಉಕ್ಕಿಸಿದರೆಂದರೆ ಮುಗಿಯಿತು, ಬೀರವ್ವ ಹೊಸ್ತಿಲಿನ ಹೊರಗೆ. ಯಾರೂ ಗದರಿಸಿ ಕಳಿಸುತ್ತಿರಲಿಲ್ಲ. ಮಡಿಯ ಗೆರೆ ಎಲ್ಲಿದೆಯೆಂದು ಅವಳಿಗೂ ಗೊತ್ತು, ಅವರಿಗೂ ಗೊತ್ತು. ಹಿತ್ತಲಲ್ಲಿ ಎಲೆ ಹಾಕಿ ಹೊಟ್ಟೆ ತುಂಬ ಬಡಿಸುತ್ತಿದ್ದರು. ಅವಳು ಉಣ್ಣುತ್ತ ಮಾಡಿನ ಕಡೆ ನೋಡುತ್ತಿದ್ದಳು. ಹೆಂಚಿನ ಸಂದಿಯಿಂದ ಹೊಗೆ ಏಳುವುದು ಕಾಣುತ್ತಿತ್ತು. ಅಷ್ಟೇ ಕಾಣುತ್ತಿದ್ದದ್ದು.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ದೇವಕ್ಕನ ಮುಂದೆ ಕುಳಿತು ಅವಳು ಅಂದಳು: "ಯವ್ವಾ, ನಾ ಹಾಕಿದ ಆ ದೊಡ್ಡ ಮನಿ ಒಲಿ ಹೆಂಗ ಉರೀತಾವ ಒಮ್ಮೆ ನೋಡಬೇಕ ನೋಡ."

"ಉರಿ ಎಲ್ಲಾ ಕಡೆ ಒಂದ ಥರಾ ಇರತೈತಿ. ನೋಡಬೇಕಂದ್ರ ಇಲ್ಲೇ ನೋಡು."

"ಒಂದ ಥರಾ ಇರೂದಿಲ್ಲ ಯವ್ವಾ," ಎಂದಳು ಬೀರವ್ವ. ಹೇಗೆ ಇರುವುದಿಲ್ಲವೆಂದು ಬಿಡಿಸಿ ಹೇಳಲು ಅವಳಿಗೆ ಬರಲಿಲ್ಲ.

ಮೂವತ್ತರ ದಶಕದ ನಡುವೆ ಒಂದು ದಿನ ಶಾಬುದ್ದೀನ ಗೌಂಡಿ ಅವಳ ಮನೆಯ ಮುಂದೆ ಬಂದು ನಿಂತ. ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಅವನು ಗೋಡೆ ಕಟ್ಟಿದ್ದ, ಇವಳು ಒಲೆ ಹಾಕಿದ್ದಳು.

"ಬೀರವ್ವಕ್ಕಾ, ಧಾರವಾಡಕ್ಕ ಬರ್ತೀಯೇನು? ಮಾಳಮಡ್ಡ್ಯಾಗ ಮಾಸ್ತರ ಮನಿ. ಅಡಗಿಮನಿ ಪೂರಾ ಬಿಚ್ಚಿ ಕಟ್ಟೂದೈತಿ. ಆ ಮನಿ ಬಾಯಾರಿಗೆ ನಿಂತ ಅಡಗಿ ಮಾಡೋ ಒಲಿ ಬೇಕಂತ. ಹೊಗಿ ಒಳಗ ನಿಲ್ಲಬಾರದಂತ. ಇದ್ದಲಿ ಅಲ್ಲ, ಕಟ್ಟಿಗಿ ಒಲಿ."

"ಕಟ್ಟಿಗಿ ಒಲಿ ಅಷ್ಟ ಎತ್ತರಕ? ಯಾರೂ ಹಾಕಿಲ್ಲಲ್ಲೋ."

"ಅದಕ್ಕ ನಿನ್ನ ಕರ್ಯಾಕ ಬಂದೇನಿ."

ಬೀರವ್ವ ರೈಲು ಹತ್ತಿ ಧಾರವಾಡಕ್ಕೆ ಹೋದಳು. ಮಾಸ್ತರರ ಹೆಸರು ಬಿಂದುಮಾಧವ, ಸರಕಾರಿ ಸಾಲೆಯಲ್ಲಿ ಕೆಲಸ. ಹೆಂಡತಿ ಅಂಬಾಬಾಯಿ ಮೂವತ್ತರ ಆಚೀಚೆಯ ಹೆಂಗಸು. ಹಿಂದಿನ ವರ್ಷ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದವಳಿಗೆ ಮೊಣಕಾಲು ಸರಿಹೋಗಿರಲಿಲ್ಲ. ಮಣೆಯ ಮೇಲೆ ಕುಳಿತರೆ ಏಳಲು ಗೋಡೆ ಹಿಡಿಯಬೇಕಾಗುತ್ತಿತ್ತು. ಅವರ ಅಡಿಗೆಮನೆಯೋ, ಕಿಟಕಿಯಿಲ್ಲದ ಕೋಣೆ. ಹಗಲಿನಲ್ಲೂ ದೀಪ ಬೇಕು. ತೊಲೆಗಳ ಮೇಲೆ ಮಸಿ ಜೋತುಬಿದ್ದಿತ್ತು.

ಅತ್ತೆ ಲಕ್ಷ್ಮೀಬಾಯಿಗೆ ಈ ಕೆಲಸವೇ ಹಿಡಿಸಿರಲಿಲ್ಲ. "ನಿಂತು ಅಡಗಿ ಮಾಡ್ಲಿಕ್ಕೆ ಇದೇನು ಖಾನಾವಳಿ ಏನು? ನಾ ಇದರಾಗ ನಾಲ್ವತ್ತು ವರ್ಷ ಬೇಯಿಸಿ ಹಾಕೀನಿ," ಎಂದು ಪಡಸಾಲೆಯಿಂದಲೇ ಕೇಳುವಂತೆ ಅನ್ನುತ್ತಿದ್ದರು. ಕಡೆಗೆ ಮಗನೇ ನಡುವೆ ಬಂದು ಒಂದು ದಾರಿ ಮಾಡಿದ. ದೇವರ ನೈವೇದ್ಯಕ್ಕೆ ನೆಲದ ಮೇಲೆ ಒಂದು ಪುಟ್ಟ ಒಲೆ, ಅದು ತಾಯಿಯದು. ದಿನದ ಅಡಿಗೆಗೆ ಎತ್ತರದ ಕಟ್ಟೆ, ಅದು ಹೆಂಡತಿಯದು.

ಗೋಡೆ ಬಿಚ್ಚುವುದಕ್ಕೆ ಮೊದಲು ಬೀರವ್ವ ಅಂಬಾಬಾಯಿಯನ್ನು ಖಾಲಿ ಕೋಣೆಯ ನಡುವೆ ನಿಲ್ಲಿಸಿದಳು.

"ನಿಮಗ ಹೆಂಗ ಬೇಕು ಹೇಳ್ರಿ ಬಾಯಾರ."

ಅಂಬಾಬಾಯಿ ಅವಳ ಮುಖ ನೋಡಿದಳು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಎಲ್ಲಿ ಏನಿಡಬೇಕೆಂದು ಅವಳಿಗೆ ಹೇಳಿದವರಿದ್ದರೇ ಹೊರತು ಕೇಳಿದವರಿರಲಿಲ್ಲ. ತಡೆದು ತಡೆದು ಹೇಳತೊಡಗಿದಳು. "ಒಂದು ಖಿಡಕಿ ಬೇಕು ಬೀರವ್ವಾ. ಹಿತ್ತಲದ ನುಗ್ಗಿಗಿಡ ಕಾಣಬೇಕು. ಮಳಿ ಬಂತೋ ಇಲ್ಲೋ ಒಳಗಿಂದ ಗೊತ್ತಾಗಬೇಕು. ನನ್ನ ಸ್ವಾದರಮಾವ ಹುಬ್ಬಳ್ಳಿ ರೈಲ್ವೆದಾಗಿದ್ರು. ಸಣ್ಣಾಕಿ ಇದ್ದಾಗ ಅವರ ಮನಿಗೆ ಹೋಗಿದ್ದೆ. ನಮ್ಮ ಮಾಮಿ ನಿಂತು ಚಪಾತಿ ಮಾಡ್ತಾ ಖಿಡಕಿಯಿಂದ ಹಾದಿ ನೋಡ್ತಿದ್ದಳು. ಅದು ಕಣ್ಣಾಗಿಂದ ಹೋಗವಲ್ಲದು ನೋಡು."

"ಮತ್ತೇನರಿ?"

"ಕಟ್ಟಿಗಿ ಕೈಗೆ ಸಿಗಬೇಕು, ಕಣ್ಣಿಗೆ ಬೀಳಬಾರದು. ಉಪ್ಪಿನಕಾಯಿ ಭರಣಿಗೆ ತಂಪಿನ ಜಾಗಾ. ಮತ್ತ…" ನಕ್ಕುಬಿಟ್ಟಳು. "ಇಷ್ಟೆಲ್ಲಾ ಆಗ್ತದೇನು?"

"ಆಗೂದ್ಯಾಕಿಲ್ರಿ. ಮೊಣಕೈ ಮಡಚ್ರಿ, ನೋಡೂಣು."

ಗೇಣಿನಿಂದ ಅಳೆದು ಬೀರವ್ವ ಗೋಡೆಯ ಮೇಲೆ ಇದ್ದಲಿಯ ಗೆರೆ ಎಳೆದಳು.

ಶಾಬುದ್ದೀನ ಗೋಡೆ ಒಡೆದು ಕಿಟಕಿ ಕೂಡಿಸಿದ, ಕಲ್ಲಿನ ಕಟ್ಟೆ ಕಟ್ಟಿ ಅದರ ಕೆಳಗೆ ಕಟ್ಟಿಗೆಗೆ ಗೂಡು ಬಿಟ್ಟ. ಆ ಹೊತ್ತಿನಲ್ಲಿ ಮನೆಯ ಅಡಿಗೆ ಹಿತ್ತಲ ಚಪ್ಪರದಡಿಗೆ ಬಂತು. ಅಂಬಾಬಾಯಿ ಅಲ್ಲಿ ಬೇಯಿಸುತ್ತಿದ್ದರೆ, ತುಸು ದೂರದಲ್ಲಿ ಬೀರವ್ವ ಮಣ್ಣು ತುಳಿಯುತ್ತಿದ್ದಳು. ಮಣ್ಣು ಹದಕ್ಕೆ ಬಂದ ಮೇಲೆ ಇಬ್ಬರಿಗೂ ಮಾತು. ಅಂಬಾಬಾಯಿ ತವರಿನ ಸುದ್ದಿ ಹೇಳುವಳು; ಬೀರವ್ವ ಗಂಡನ ಸುದ್ದಿ. ಅವನ ಮುಖ ಈಗ ನೆನಪಿಗೆ ಬರುವುದಿಲ್ಲವೆಂದೂ, ಅವಳು ಹಾಕಿದ ಮೊದಲ ಒಲೆಯನ್ನು ಕಂಡು ಅವನು "ಭೇಷ್" ಎಂದ ದನಿ ಮಾತ್ರ ಕಿವಿಯಲ್ಲಿದೆಯೆಂದೂ ಯಾರಿಗೂ ಹೇಳದಿದ್ದದ್ದನ್ನು ಇವಳಿಗೆ ಹೇಳಿದಳು. ಅಂಬಾಬಾಯಿ ಸೌಟು ಕೈಯಲ್ಲಿ ಹಿಡಿದು ಹಾಗೆಯೇ ಕುಳಿತಿದ್ದಳು, ಹುಳಿ ತಳ ಹಿಡಿಯಿತು.

ಎತ್ತರದ ಒಲೆಗೆ ಹೊಗೆಯದೇ ಚಿಂತೆ. ನಿಂತವಳ ಮುಖಕ್ಕೇ ಅದು ಬಡಿಯುತ್ತದೆ. ಬೀರವ್ವ ಒಲೆಯ ಬೆನ್ನಿಗೆ ಗೋಡೆಯೊಳಗಿಂದ ಮಾಡಿನ ಮೇಲಿನವರೆಗೆ ಹೊಗೆಗೂಡು ಎಬ್ಬಿಸಲು ಹವಣಿಸಿದಳು. ಮೊದಲನೆಯದು ಬಿರಿಯಿತು. ಎರಡನೆಯದು ಅಗಲವಾಯಿತೆಂದು ತಾನೇ ಒಡೆದಳು. "ಛಲೋ ಆಗಿತ್ತಲ್ಲ ಬೇ," ಎಂದು ಶಾಬುದ್ದೀನ ತಲೆ ಹಿಡಿದುಕೊಂಡ. ಮೂರನೆಯದನ್ನು ಕೊರಳು ಸಣ್ಣದಾಗಿಸಿ, ಕೈ ಹಾಕಿ ಮಸಿ ತೆಗೆಯಲು ಪಕ್ಕದಲ್ಲಿ ಒಂದು ಕಿಂಡಿ ಬಿಟ್ಟು ಹಾಕಿದಳು. ಅದು ನಿಂತಿತು. ಎರಡು ಒಲೆ, ಒಂದು ಕೋಡೊಲೆ. ಅಂಚುಗಳನ್ನು ಒದ್ದೆ ಬೆರಳಿನಿಂದ ತೀಡಿ ತೀಡಿ ನುಣ್ಣಗೆ ಮಾಡಿದಳು. ಇಂಥ ಒಲೆಯನ್ನು ಅವಳು ಅಲ್ಲಿಯತನಕ ಹಾಕಿರಲಿಲ್ಲ.

ನೆರಳಿನಲ್ಲಿ ಒಲೆ ಒಣಗಿತು. ಮುಹೂರ್ತದ ದಿನ ಬಂತು. ಅಂದು ಬೀರವ್ವ ತೊಳೆದ ಸೀರೆ ಉಟ್ಟು ಬಂದು ಹಿತ್ತಲಲ್ಲಿ ಕುಳಿತಳು. ಕಿಟಕಿ ಅವಳ ಎದುರಿಗೇ ಇತ್ತು. ಒಳಗೆ ಅಂಬಾಬಾಯಿ ಮಡಿಯುಟ್ಟು ಓಡಾಡುವುದು, ಬಳೆ ಸದ್ದು, ತಾಮ್ರದ ತಪೇಲಿ ಕಟ್ಟೆಗೆ ತಾಗಿದ ಸದ್ದು. ಬೀರವ್ವ ಕತ್ತು ಚಾಚಿದಳು. ಅಷ್ಟರಲ್ಲಿ ಲಕ್ಷ್ಮೀಬಾಯಿ ಬಂದು, "ನೈವೇದ್ಯದ ಅಡಗಿ ಮ್ಯಾಲೆ ಹೊರಗಿನವರ ದೃಷ್ಟಿ ಬೀಳಬಾರದು," ಎಂದು ಕಿಟಕಿಯ ಬಾಗಿಲು ಮುಂದೆ ಮಾಡಿದರು.

ಹೊರಗೆ ಕುಳಿತವಳಿಗೆ ಹೊಗೆಗೂಡಿನ ತುದಿ ಕಾಣುತ್ತಿತ್ತು. ಅದರಿಂದ ತೆಳ್ಳನೆಯ ಹೊಗೆ ನೆಟ್ಟಗೆ ಎದ್ದಿತು. ಒಳಗೆ ಯಾರೋ "ಉಕ್ಕಿತು, ಉಕ್ಕಿತು" ಎಂದರು. ಬೀರವ್ವ ತನಗೆ ಅರಿವಿಲ್ಲದೆಯೇ ಎದ್ದು ನಿಂತಿದ್ದಳು.

ತುಸು ಹೊತ್ತಿನ ಮೇಲೆ ಅಂಬಾಬಾಯಿ ಪಾಯಸದ ಬಟ್ಟಲು ಹಿಡಿದು ಹೊರಗೆ ಬಂದಳು.

"ಹೊಗಿ ಒಳಗ ತಿರಗತೈತೇನ್ರಿ?"

"ಒಂಚೂರೂ ಇಲ್ಲ ಬೀರವ್ವಾ. ಉರಿ… ಹೆಂಗ ಹೇಳ್ಲಿ ನಿನಗ? ತಪೇಲಿ ತಳಕ್ಕ ಹೂವಿನಂಗ ಅರಳಿ ಕೂಡ್ತದ."

"ಕೋಡೊಲಿಗೆ ಕಾವು ಹತ್ತತೈತ್ರಿ?"

"ಹತ್ತೇದ."

ಬೀರವ್ವ ತಲೆಯಾಡಿಸಿದಳು. ಇನ್ನೇನೋ ಕೇಳಬೇಕೆನ್ನಿಸಿತು. ಕೇಳಿ ತಿಳಿಯುವಂಥದ್ದು ಅದಲ್ಲವೆಂದು ಪಾಯಸ ಕುಡಿದಳು. ಉರಿಯನ್ನು ಕಣ್ಣಾರೆ ನೋಡುವ ಅವಳ ಆಸೆ ಅಂಬಾಬಾಯಿಗೂ ಗೊತ್ತಾಗದೆ ಹೋಗಲಿಲ್ಲ. ಅಂಬಾಬಾಯಿಯ ಕಣ್ಣುಗಳು ಮುಚ್ಚಿದ್ದ ಕಿಟಕಿಯ ಕಡೆಗೊಮ್ಮೆ, ಪಡಸಾಲೆಯ ಕಡೆಗೊಮ್ಮೆ ಹೋಗಿ ಕೆಳಗಿಳಿದವು.

ಮಾಳಮಡ್ಡಿಯಲ್ಲಿ ಮಾತು ಹಬ್ಬಿತು. ಮಾಸ್ತರ ಮನೆಯಂಥ ಒಲೆ ನಮಗೂ ಬೇಕೆಂದು ಒಬ್ಬರಾದ ಮೇಲೊಬ್ಬರು ಶಾಬುದ್ದೀನನಿಗೆ ಹೇಳಿಕಳಿಸಿದರು. ಒಬ್ಬರಿಗೆ ಕಟ್ಟೆಯ ಮೇಲೆ ಫರಸಿಕಲ್ಲು ಬೇಕು, ಇನ್ನೊಬ್ಬರಿಗೆ ಮಾಡಿನಲ್ಲಿ ಬೆಳಕಿಗೆ ಕಾಜಿನ ಹೆಂಚು ಬೇಕು, ಮತ್ತೊಬ್ಬರಿಗೆ ಮೂಲೆಯಲ್ಲಿ ಪಾತ್ರೆ ತೊಳೆಯುವ ಬಚ್ಚಲು ಬೇಕು. ಬೀರವ್ವ ಎಲ್ಲ ಮನೆಗಳಿಗೂ ಹೋದಳು. ಎಲ್ಲ ಕಡೆಯೂ ಅದೇ ಹಿತ್ತಲು, ಅದೇ ಎಲೆ. ದಾರಿಯಲ್ಲಿ ಮಾಸ್ತರರ ಹಿತ್ತಲ ಬಾಗಿಲಿಗೆ ನಿಂತು, "ಹೆಂಗೈತ್ರಿ ಬಾಯಾರ, ಒಲಿ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದಳು. ಗಬ್ಬೂರಿಗೆ ಮರಳಿ ಮಲಗಿದಾಗ ಕಣ್ಣು ಮುಚ್ಚಿ ಆ ಉರಿಯನ್ನು ಕಾಣಲು ನೋಡುತ್ತಿದ್ದಳು. ಕೊರಳಿನ ಹತ್ತಿರ ಹೊಗೆ ಹೇಗೆ ಬಾಗುತ್ತಿರಬಹುದು? ಅಂಬಾಬಾಯಿಯ ಮುಖದ ಮೇಲೆ ಬೆಳಕು ಎಷ್ಟು ಬೀಳುತ್ತಿರಬಹುದು? ಹಸಿ ಒಲೆ ಕಣ್ಣಿಗೆ ಕಟ್ಟುತ್ತಿತ್ತು, ಉರಿಯುವ ಒಲೆ ಕಟ್ಟುತ್ತಿರಲಿಲ್ಲ.

ಎರಡನೆಯ ಯುದ್ಧದ ಕಾಲ. ಎಣ್ಣೆ, ಸಕ್ಕರೆ ಯಾವುದೂ ಸರಿಯಾಗಿ ಸಿಗುತ್ತಿರಲಿಲ್ಲ. ಅಡಿಗೆಮನೆ ಕಟ್ಟಿಸುವವರೂ ಕಡಿಮೆಯಾದರು. ಆಗ ಶಾಬುದ್ದೀನನ ಬಾಯಲ್ಲಿ ಸುದ್ದಿ ಬಂತು. ಅಂಬಾಬಾಯಿಯ ಒಲೆ ಹೊಗೆಯುಗುಳುತ್ತಿದೆ, ಲಗೂ ಬರಬೇಕಂತೆ.

ಬೀರವ್ವ ಹಾಕಿದ ಒಲೆ ಕೆಟ್ಟಿತೆಂದು ಯಾರೂ ಈವರೆಗೆ ಹೇಳಿರಲಿಲ್ಲ. ಮರುದಿನವೇ ರೈಲು ಹತ್ತಿದಳು.

ಹಿತ್ತಲಿಗೆ ಬಂದಾಗ ಕಿಟಕಿಯಿಂದಲೇ ಹೊಗೆ ಹೊರಬೀಳುತ್ತಿತ್ತು. ಲಕ್ಷ್ಮೀಬಾಯಿ ಪಡಸಾಲೆಯಲ್ಲಿ ಕುಳಿತು ಕೆಮ್ಮುತ್ತಿದ್ದರು. ಅವರಿಗೆ ವಯಸ್ಸಾಗಿತ್ತು, ನೆಲದ ಒಲೆಯ ಮುಂದೆ ಕೂಡುವ ಶಕ್ತಿ ಇರಲಿಲ್ಲ.

"ಒಲಿ ಆರಸು ಅಂಬಾ. ಆರಿದ ಮ್ಯಾಲೆ ಅಕಿ ನೋಡಲಿ," ಎಂದರು.

"ಬೆಂಕಿ ಇದ್ದಾಗನ ನೋಡಬೇಕ್ರಿ ಅತ್ಯಾ," ಎಂದಳು ಅಂಬಾಬಾಯಿ. "ಆರಿದ ಒಲಿಯಾಗ ಹೊಗಿ ಎಲ್ಲಿ ತಡೀತದ ಅಂತ ಹೆಂಗ ತಿಳೀಬೇಕು? ಹೌದಲ್ಲ ಬೀರವ್ವಾ?"

ಬೀರವ್ವ ಅವಳನ್ನು ನೋಡಿದಳು. "ಹೌದ್ರಿ," ಎಂದಳು.

ಲಕ್ಷ್ಮೀಬಾಯಿ ಮತ್ತೊಮ್ಮೆ ಕೆಮ್ಮಿದರು. ಸೊಸೆಯನ್ನು ನೋಡಿದರು, ಹೊಸ್ತಿಲಾಚೆ ಕೈಕಟ್ಟಿ ನಿಂತ ಬೀರವ್ವನನ್ನು ನೋಡಿದರು. "ಬರಲಿ. ಆಮ್ಯಾಲೆ ಸಾರಿಸಿದ್ರಾತು," ಎಂದು ಮುಖ ಆಚೆ ತಿರುಗಿಸಿದರು.

ಬೀರವ್ವ ಕಾಲು ತೊಳೆದುಕೊಂಡು ಒಳಗೆ ಕಾಲಿಟ್ಟಳು.

ಅವಳು ಬಿಟ್ಟುಹೋದ ಅಡಿಗೆಮನೆ ಅದಾಗಿರಲಿಲ್ಲ. ಅಂಬಾಬಾಯಿ ದಿನವೂ ಒರಗಿ ನಿಂತ ಕಡೆ ಕಟ್ಟೆಯ ಅಂಚು ಸವೆದು ಹೊಳೆಯುತ್ತಿತ್ತು. ದೀಪಕ್ಕೆಂದು ಗೋಡೆಯಲ್ಲಿ ಬಿಟ್ಟ ಮಾಡದಲ್ಲಿ ಬೆಲ್ಲದ ಡಬ್ಬಿ ಕುಳಿತಿತ್ತು. ಒಲೆಯ ಬಾಯಿಗೆ ಹತ್ತಾರು ಸಲ ಸಗಣಿ ಸಾರಿಸಿ ಬೀರವ್ವನ ಬೆರಳಿನ ಗುರುತೆಲ್ಲ ಅಳಿದು ಬೇರೆಯವರ ಬೆರಳಿನ ಗುರುತು ಮೂಡಿತ್ತು. ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ಅವಳು ಕಿಂಡಿಯೊಳಗೆ ಕೈ ತೂರಿಸಿದಳು. ಮೊಣಕೈಯಷ್ಟು ಮೇಲೆ ಮೆತ್ತಗಿನದೇನೋ ತಾಗಿತು. ಹಿಡಿದು ಎಳೆದಳು. ಒದ್ದೆ ಅರಿವೆ. ಮುದ್ದೆ ಮಾಡಿ ಗಟ್ಟಿಯಾಗಿ ತುರುಕಿದ್ದು. ಒಂದು ಅಂಚು ಮಾತ್ರ ಸುಟ್ಟಿತ್ತು. ಉಳಿದದ್ದರಲ್ಲಿ ಹಸಿರು ಇಳಕಲ್ ಸೀರೆಯ ದಡಿ ಇನ್ನೂ ಕಾಣುತ್ತಿತ್ತು. ಹಿಂದೆ ಚಪ್ಪರದಡಿಯಲ್ಲಿ ಅಡಿಗೆ ಮಾಡುವಾಗ ಅಂಬಾಬಾಯಿ ಉಡುತ್ತಿದ್ದ ಸೀರೆ ಅದು.

ಬೀರವ್ವ ತಿರುಗಿ ನೋಡಿದಳು. ಅಂಬಾಬಾಯಿಯ ಮುಖ ಕೆಂಪೇರಿತ್ತು. ತುಟಿ ಕಚ್ಚಿ ನೆಲ ನೋಡುತ್ತಿದ್ದಳು.

"ಏನಿತ್ತ ಅದರಾಗ?" ಪಡಸಾಲೆಯಿಂದ ಲಕ್ಷ್ಮೀಬಾಯಿ ಕೇಳಿದರು.

ಬೀರವ್ವ ಅರಿವೆಯನ್ನು ಹಿಂಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಗುಬ್ಬಿ ಗೂಡ ಕಟ್ಟಿತ್ರಿ, ಅವ್ವಾರ."

"ಶಾಣ್ಯಾ ಗುಬ್ಬಿ," ಎಂದರು ಮುದುಕಿ. ಎದ್ದು ಬಂದು ನೋಡಲಿಲ್ಲ. "ಬಂದಾಕಿ ಬಂದಾಳ, ಒಲಿ ಸರಿ ಆತೋ ಇಲ್ಲೋ ಖಾತ್ರಿ ಮಾಡಿಕೊಂಡ ಹೋಗಲಿ" ಎಂದೂ ಸೇರಿಸಿದರು.

ಹೊಗೆ ಒಮ್ಮೆ ಸುಳಿಯಿತು, ತಡೆಯಿತು, ಬಳಿಕ ಯಾರೋ ಕರೆದಂತೆ ಕೊರಳಿನ ಕಡೆ ಬಾಗಿ ಮೇಲೇರಿ ಹೋಯಿತು. ಕೋಣೆ ತಿಳಿಯಾಯಿತು. ಅಂಬಾಬಾಯಿ ಒಂದು ಒಲೆಯ ಮೇಲೆ ಬೇಳೆ, ಇನ್ನೊಂದರ ಮೇಲೆ ಹಾಲು ಇಟ್ಟಳು. ಎರಡು ಕೊಳ್ಳಿ ಮುಂದೆ ನೂಕಿದಳು. ಉರಿ ತಪೇಲಿಯ ತಳಕ್ಕೆ ಹಬ್ಬಿತು. ಬೀರವ್ವ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕಿಟಕಿಯಾಚೆ ನುಗ್ಗಿಗಿಡ ಅಲ್ಲಾಡುತ್ತಿತ್ತು. ಸಾಸಿವೆ ಚಟಪಟ ಸಿಡಿಯಿತು. ಅಂಬಾಬಾಯಿ ಬಗ್ಗದೆ, ಕೈ ಚಾಚಿ ಕೊಳ್ಳಿ ಹಿಂದೆ ಎಳೆದಳು, ಅದೇ ಕೈಯಿಂದ ಬೆಲ್ಲ ತೆಗೆದಳು. ತಾನು ಇದ್ದಲಿಯಲ್ಲಿ ಎಳೆದ ಗೆರೆ ಹೀಗೆ ಕೈಯಾಗಿ ಓಡಾಡುವುದನ್ನು ಬೀರವ್ವ ನೋಡುತ್ತ ನಿಂತಳು. ಹಾಲು ಏರಿ ಅಂಚಿಗೆ ಬಂದಾಗ ಮಾತ್ರ, "ಭೇಷ್" ಎಂದಳು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಹಿತ್ತಲಿಗೆ ಬಂದ ಮೇಲೆ ಅಂಬಾಬಾಯಿ ಸುದ್ದಿ ಹೇಳಿದಳು. ಯಜಮಾನರಿಗೆ ವಿಜಾಪುರಕ್ಕೆ ವರ್ಗವಾಗಿತ್ತು. ಮನೆ ಬಾಡಿಗೆಗೆ ಹೋಗುವುದಿತ್ತು. ಬರುವವರು ಈ ಒಲೆ ಇಟ್ಟುಕೊಳ್ಳುತ್ತಾರೋ ಒಡೆಯುತ್ತಾರೋ ಯಾರು ಬಲ್ಲರು.

"ಹೋಗೂದರೊಳಗ ನಿನಗ ಒಮ್ಮೆ ತೋರಿಸಬೇಕಂತ ಭಾಳ ಇತ್ತು ಬೀರವ್ವಾ. ಬ್ಯಾರೆ ಹಾದಿ ಹೊಳೀಲಿಲ್ಲ."

"ವಿಜಾಪುರದಾಗ ಅಡಗಿಮನಿ ಹೆಂಗೈತ್ರಿ?"

"ಕತ್ತಲ ಅದ ಅಂತ. ಖಿಡಕಿ ಇಲ್ಲಂತ." ಅಂಬಾಬಾಯಿ ನಗಲು ನೋಡಿದಳು, ಆಗಲಿಲ್ಲ. "ಅಲ್ಲಿಗೆ ನೀ ಎಲ್ಲಿ ಬರಲಿಕ್ಕಾಗ್ತದ."

ಇಬ್ಬರೂ ನುಗ್ಗಿಗಿಡದ ಕೆಳಗೆ ಸ್ವಲ್ಪ ಹೊತ್ತು ನಿಂತರು. ರೈಲಿನ ಹೊತ್ತಾಯಿತೆಂದು ಬೀರವ್ವ ಬುಟ್ಟಿ ಎತ್ತಿಕೊಂಡಳು.

ಅಂಬಾಬಾಯಿ ಮತ್ತೆ ಧಾರವಾಡಕ್ಕೆ ಬಂದಳೋ ಇಲ್ಲವೋ ಬೀರವ್ವನಿಗೆ ತಿಳಿಯಲಿಲ್ಲ. ಬಾಡಿಗೆಗೆ ಬಂದವರು ಕಟ್ಟೆಯ ಒಲೆ ತೆಗೆಸಿ ಶೆಗಡಿ ಇಟ್ಟರೆಂದು ಶಾಬುದ್ದೀನ ಯಾವಾಗಲೋ ಹೇಳಿದ. ಬೀರವ್ವ "ಹೂಂ" ಎಂದಳು. ಒಮ್ಮೆ ನೋಡಿದರೆ ಆಸೆ ತೀರುತ್ತದೆ ಎಂದುಕೊಂಡಿದ್ದಳು. ತೀರಲಿಲ್ಲ. ಮೊದಲು ಏನು ಕಾಣುತ್ತಿಲ್ಲವೆಂಬುದು ತಿಳಿದಿರಲಿಲ್ಲ, ಈಗ ತಿಳಿದಿತ್ತು. ಮಾಳಮಡ್ಡಿಯಲ್ಲಿ, ಹುಬ್ಬಳ್ಳಿಯಲ್ಲಿ ತಾನು ಹಾಕಿದ ಒಂದೊಂದು ಒಲೆಯ ಮುಂದೆಯೂ ಒಬ್ಬೊಬ್ಬ ಹೆಂಗಸು ತನ್ನದೇ ರೀತಿಯಲ್ಲಿ ಕೈ ಚಾಚುತ್ತಿರಬಹುದು, ಒಂದೊಂದು ಅಂಚು ಒಂದೊಂದು ಕಡೆ ಸವೆಯುತ್ತಿರಬಹುದು ಎಂದು ನೆನೆದಾಗ ಅವಳಿಗೆ ಕುಳಿತಲ್ಲಿ ಕೂಡಲಾಗುತ್ತಿರಲಿಲ್ಲ.

ಕೈ ನಡುಗುವತನಕ ಅವಳು ಕೆಲಸ ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಹುಬ್ಬಳ್ಳಿಯ ಒಂದು ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ದಿನ. ಹಿತ್ತಲಲ್ಲಿ ಊಟವಾಗಿತ್ತು, ಎಲೆ ಎತ್ತಿ ಆಗಿತ್ತು. ಆ ಮನೆಯ ಎಳೆಯ ಸೊಸೆ ಬಂದು, "ಎಲ್ಲಾ ಛಲೋ ಆತ್ರಿ ಬೀರವ್ವ. ಹೊತ್ತಾತು, ಇನ್ನ ಹೊಂಡ್ರಿ ನೀವು, ಊರು ದೂರ ಅದ," ಎಂದಳು.

"ಹೊಂಟೆನವಾ," ಎಂದಳು ಬೀರವ್ವ.

ಸೊಸೆ ಒಳಗೆ ಹೋದಳು. ಒಳಗೆ ಪಾತ್ರೆಯ ಸದ್ದು, ಯಾರೋ ನಗುವುದು, ಒಗ್ಗರಣೆಯ ವಾಸನೆ. ಬೀರವ್ವ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೂ ಅಲ್ಲಿಯೇ ಕುಳಿತಿದ್ದಳು.